ಬಾಗಿಲ ಮುಂದೆ ಡಬಲ್ ಸ್ಟ್ಯಾಂಡ್

ಒಂಬೈನೂರ ಐವತ್ತು ರೂಪಾಯಿ ಕೊಟ್ಟೆ. ಅದರಲ್ಲಿ ಸ್ಟ್ಯಾಂಡು, ಅದರ ಸ್ಪ್ರಿಂಗು, ನಟ್ಟು ಬೋಲ್ಟು, ಕೂರಿಸಿದ ಕೂಲಿ, ಕೊನೆಗೊಂದು ಬೆರಳು ಗ್ರೀಸು ಎಲ್ಲ ಸೇರಿತ್ತು. ಶೋರೂಮಿನವರು ಬರೀ ಸ್ಟ್ಯಾಂಡಿಗೇ ಸಾವಿರದ ಆರುನೂರು ಹೇಳಿದ್ದರು. ಚಳ್ಳಕೆರೆಯಲ್ಲಿ ಇದಕ್ಕಿಂತ ಕಡಿಮೆಗೆ ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ, ಅವರ ಮನೆಗೇ ಹೋಗಿ ಒಂದು ಲೋಟ ಚಹಾ ಕುಡಿದು, ಹೇಗೆ ಮಾಡಿದಿರಿ ಎಂದು ಕಲಿತುಕೊಂಡು ಬರುತ್ತೇನೆ. ಕಲಿಯುವುದಕ್ಕೆ ನನಗೆ ಯಾವತ್ತೂ ನಾಚಿಕೆಯಿಲ್ಲ.

ಆದರೆ ಆ ಒಂಬೈನೂರ ಐವತ್ತನ್ನು ಯಾಕೆ ಕೊಡಬೇಕಾಯಿತು ಎಂದು ನೀವು ಕೇಳಿದರೆ ಮಾತ್ರ ನಾನು ಸ್ವಲ್ಪ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ. ಯಾಕೆಂದರೆ ಆ ಸ್ಟ್ಯಾಂಡು ನನಗೆ ಪುಕ್ಕಟೆಯಾಗಿ ಬರುವುದಿತ್ತು. ಬೇಡವೆಂದವಳು ನಾನೇ.

ಡಬಲ್ ಸ್ಟ್ಯಾಂಡ್ ಅಂದರೆ ನಿಮಗೆ ಗೊತ್ತೇ ಇರುತ್ತದೆ. ಗಾಡಿಯ ಹೊಟ್ಟೆಯಡಿ ಮಡಚಿಕೊಂಡಿರುವ ಎರಡು ಕಾಲು. ಅದನ್ನು ಹಾಕಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ, ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಸೈಡ್ ಸ್ಟ್ಯಾಂಡ್ ಒಂಟಿಕಾಲು. ಎಡಪಾದದಿಂದ ಒಮ್ಮೆ ಒದ್ದರೆ ಹೊರಗೆ ಬರುತ್ತದೆ, ಗಾಡಿ ಅದರ ಮೇಲೆ ವಾಲಿ ಒರಗಿಕೊಳ್ಳುತ್ತದೆ. ಈಗಿನ ಹುಡುಗರೆಲ್ಲ ಒಂಟಿಕಾಲಿನವರೇ. ಡಬಲ್ ಸ್ಟ್ಯಾಂಡ್ ಹಾಕು ಎಂದರೆ ಗಾಡಿ ಎತ್ತಿ ತಲೆಮೇಲೆ ಇಟ್ಟುಕೋ ಎಂದವರಂತೆ ನನ್ನ ಮುಖ ನೋಡುತ್ತಾರೆ.

ನಾನು ಸೀರೆ ಮಾರುವವಳು. ಇಪ್ಪತ್ತೆರಡು ವರ್ಷದಿಂದ ಮೊಳಕಾಲ್ಮೂರಿನ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ತಂದು ಚಳ್ಳಕೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾರುತ್ತೇನೆ. ಅದೇ ಕೋಣೆಯ ಮೂಲೆಯಲ್ಲಿ ನಮ್ಮ ಯಜಮಾನರು ಹೊಲಿಗೆ ಯಂತ್ರದ ಮುಂದೆ ಕೂತು ಆ ಸೀರೆಗಳಿಗೆ ಫಾಲ್ ಹಚ್ಚುತ್ತಾರೆ. ಮಾತು ನನ್ನದು, ಹೊಲಿಗೆ ಅವರದು. ಮೊದಲು ಒಂದು ಮೊಪೆಡ್ ಇತ್ತು, ಆಮೇಲೆ ಯಾರೋ ಓಡಿಸಿ ಬಿಟ್ಟ ಬೈಕು, ಈಗ ಹೊಸ ಬೈಕು. ಸ್ಕೂಟಿ ಯಾಕೆ ತಗೊಳ್ಳಲಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ತಳಕು ಊರು ದಾಟಿದ ಮೇಲೆ ಒಳಗಿನ ಹಳ್ಳಿಗಳ ದಾರಿಗೆ ಇಳಿದು ನೋಡಿ, ಆಮೇಲೆ ಸಣ್ಣ ಚಕ್ರದ ಬಗ್ಗೆ ಮಾತಾಡೋಣ.

ಸ್ಟ್ಯಾಂಡಿನ ಪಾಠ ನನಗೆ ಆಗಿದ್ದು ಮಾತ್ರ ಬೈಕಿನ ಮೇಲಲ್ಲ, ಅಪ್ಪನ ಸೈಕಲ್ಲಿನ ಮೇಲೆ. ಅಪ್ಪ ಚಳ್ಳಕೆರೆಯ ಮಿಲ್ಲಿನಿಂದ ಕಡಲೆಕಾಯಿ ಎಣ್ಣೆ ತುಂಬಿಸಿಕೊಂಡು ಊರೂರು ತಿರುಗಿ ಮಾರುತ್ತಿದ್ದರು. ಕ್ಯಾರಿಯರಿನ ಎರಡೂ ಕಡೆ ಒಂದೊಂದು ಡಬ್ಬ. ರಜೆಯ ದಿನ ಮುಂದಿನ ಕಂಬಿಯ ಮೇಲೆ ಮಡಚಿದ ಟವೆಲು ಹಾಕಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ನನ್ನ ಜಡೆಯಿಂದ ಹಿಡಿದು ಪುಸ್ತಕದವರೆಗೆ ಎಲ್ಲಕ್ಕೂ ಎಣ್ಣೆ ಮತ್ತು ಹಿಂಡಿಯ ವಾಸನೆ. "ಇವಳ ತಲಿಗೆ ಬ್ಯಾರೆ ಎಣ್ಣೆ ಯಾಕೆ ದಂಡ" ಎನ್ನುತ್ತಿದ್ದಳು ಅವ್ವ.

ಅಪ್ಪ ಎಣ್ಣೆ ಅಳೆಯುವ ಕ್ರಮ ಒಂದು ಬಗೆ. ಮೊದಲ ಮನೆಗೆ ಎಡಗಡೆ ಡಬ್ಬದಿಂದ, ಎರಡನೆಯ ಮನೆಗೆ ಬಲಗಡೆ ಡಬ್ಬದಿಂದ. ಅಚ್ಚೇರು, ಎಂದರೆ ಅರ್ಧ ಸೇರು, ಇಲ್ಲಿಂದ ತೆಗೆದರೆ ಇನ್ನೊಂದು ಅಚ್ಚೇರು ಅಲ್ಲಿಂದ. ಒಂದೇ ಡಬ್ಬ ಖಾಲಿ ಮಾಡಿದರೆ ಭಾರವೆಲ್ಲ ಒಂದು ಕಡೆಗೆ ಬಿದ್ದು ಸೈಕಲ್ಲು ಸ್ಟ್ಯಾಂಡಿನ ಸಮೇತ ಮಗುಚುತ್ತದಲ್ಲ, ಅದಕ್ಕೆ. ಆದರೆ ಕೊಳ್ಳುವವರಿಗೆ ಇದು ತಿಳಿಯಬೇಕಲ್ಲ. ಗೌರಸಮುದ್ರದ ಕಡೆಯ ಒಬ್ಬ ಅಜ್ಜಿ ಪ್ರತಿಸಲ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಅವಳಿಗೆ ಆ ಡಬ್ಬದಾಗಿಂದ ಕೊಟ್ಟಿ, ನಂಗೆ ಈ ಡಬ್ಬದಾಗಿಂದ ಕೊಡ್ತೀಯ. ಯಾವುದ್ರಾಗಪ್ಪ ಕಲಬೆರಕೆ ಇರಾದು?"

"ಎರಡೂ ಒಂದೇ ಹೊಟ್ಟೇಲಿ ಹುಟ್ಟಿದವು ಕಣವ್ವ. ಒಂದನ್ನೇ ಮುಟ್ಟಿ ಇನ್ನೊಂದನ್ನ ಬಿಟ್ರೆ ಸೈಕಲ್ಲು ಮುನಿಸ್ಕಂಡು ಮಕ್ಕಂತೈತೆ."

ಅಜ್ಜಿ ಎರಡೂ ಡಬ್ಬದಲ್ಲಿ ಬೆರಳದ್ದಿ ಮೂಸಿ ನೋಡಿ, ಬೆರಳನ್ನು ತನ್ನ ತಲೆಗೇ ಒರೆಸಿಕೊಳ್ಳುತ್ತಿದ್ದಳು. ಹಾಗೆ ವಾರಕ್ಕೆ ಎರಡು ಬೆರಳು ಎಣ್ಣೆ ಅವಳಿಗೆ ಉಳಿತಾಯ. ವ್ಯಾಪಾರದ ಮೊದಲ ಪಾಠ ನನಗೆ ಹೇಳಿಕೊಟ್ಟವಳು ಆ ಅಜ್ಜಿಯೇ ಇರಬೇಕು.

ಅಪ್ಪನ ಇನ್ನೊಂದು ಕ್ರಮವೂ ಇತ್ತು. ಊರೊಳಗೆ ಸೈಕಲ್ಲು ಹೊಕ್ಕ ಕೂಡಲೆ "ಬಂದೇನಪ್ಪ, ಮಳೆಯಾತಾ, ಮಗಳು ಹೆತ್ತಳಾ" ಎಂದು ಜನ ಮುತ್ತಿಕೊಳ್ಳುತ್ತಿದ್ದರು. ಅಪ್ಪ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಸೈಕಲ್ಲು ನಿಲ್ಲಿಸಿ, ಸ್ಟ್ಯಾಂಡು ಒತ್ತಿ, ಸೀಟು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ತಲೆ ಎತ್ತಿ ನಗುತ್ತಿದ್ದರು. "ಮೊದ್ಲು ಸ್ಟ್ಯಾಂಡು, ಆಮ್ಯಾಲೆ ಮಾತು" ಎಂದು ನನಗೆ ಹೇಳುತ್ತಿದ್ದರು. ಅಷ್ಟು ವರ್ಷದಲ್ಲಿ ಅವರ ಎಣ್ಣೆ ಒಂದು ಹನಿ ನೆಲಕ್ಕೆ ಚೆಲ್ಲಿದ್ದನ್ನು ನಾನು ನೋಡಲಿಲ್ಲ.

ಮೊಪೆಡ್ ಕಲಿತಾಗ ನನಗೆ ಓಡಿಸುವುದು ಎರಡು ದಿನಕ್ಕೆ ಬಂತು, ನಿಲ್ಲಿಸುವುದಕ್ಕೆ ಒಂದು ವಾರ ಹಿಡಿಯಿತು. ಕಲಿಸಿದವರು ದಾದಾಪೀರ್ ಸಾಬರು. ಚಳ್ಳಕೆರೆಯಲ್ಲಿ ಆಗಲೂ ಮೆಕ್ಯಾನಿಕ್ಕು, ಈಗಲೂ ಮೆಕ್ಯಾನಿಕ್ಕು, ನಡುವೆ ಗಡ್ಡ ಮಾತ್ರ ಬೆಳ್ಳಗಾಗಿದೆ. ನಾನು ಹಲ್ಲು ಕಚ್ಚಿ ಮೊಪೆಡ್ಡಿನ ಹಿಂಭಾಗವನ್ನು ಕೈಯಲ್ಲಿ ಎತ್ತಲು ನೋಡುತ್ತಿದ್ದೆ. ಸಾಬರು ಪಾನಾ ಕೆಳಗಿಟ್ಟು ಬಂದರು.

"ಅಕ್ಕಾ, ಅದೇನು ಎಮ್ಮೆ ಏನ್ರೀ, ಬಾಲ ಹಿಡಿದು ಎಬ್ಬಸಾಕೆ? ತಾಕತ್ ಬ್ಯಾಡ. ಕಾಲಾಗೆ ಒತ್ರಿ. ಎರಡೂ ಕಾಲು ನೆಲಕ್ಕೆ ಮುಟ್ಟಿದ್ವಾ? ಈಗ ಆ ಸ್ಟ್ಯಾಂಡಿನ ಮ್ಯಾಲೆ ನೀವೇ ಹತ್ತಿ ನಿಂತ್ಕಂಡ್ಬಿಡ್ರಿ. ಗಾಡಿ ತಾನೇ ಏಳ್ತೈತೆ."

ಹತ್ತಿ ನಿಂತೆ. ಎದ್ದಿತು. ನನಗಾದ ಖುಷಿಗೆ ಅದೇ ದಿನ ಹನ್ನೊಂದು ಸಲ ಹಾಕಿ ತೆಗೆದು ಮಾಡಿದೆ. ಸಾಬರು ಕೊನೆಗೆ "ಅಕ್ಕಾ, ಸ್ಪ್ರಿಂಗ್ ನಂದು, ಸ್ವಲ್ಪ ರಹಮ್ ಮಾಡ್ರಿ" ಎಂದು ಕೈಮುಗಿದರು.

ಆ ವಿದ್ಯೆ ನನಗೆ ಎಷ್ಟು ಗೌರವ ತಂದಿದೆ ಎಂದು ಹೇಳಿದರೆ ಜಂಬ ಎನ್ನುತ್ತೀರಿ. ಎನ್ನಿ, ಪರವಾಗಿಲ್ಲ. ರಾಂಪುರದ ಒಂದು ಚಹಾದಂಗಡಿಯ ಮುಂದೆ ಒಮ್ಮೆ ಎರಡೂ ಕಡೆ ಸೀರೆಯ ಚೀಲ ತೂಗುಹಾಕಿದ ಹಳೆಯ ಬೈಕನ್ನು ನಿಲ್ಲಿಸುತ್ತಿದ್ದೆ. ಬೆಂಚಿನಿಂದ ಒಬ್ಬ ಹುಡುಗ ಎದ್ದು ಬಂದ. ತೋಳು ತೋರಿಸಲೆಂದೇ ಹೊಲಿಸಿದಂಥ ಅಂಗಿ.

"ಬಿಡ್ರಿ ಅಕ್ಕಾ, ನಾನು ಹಾಕ್ತೀನಿ. ಹೆಣ್ಮಕ್ಕಳಿಗೆ ಆಗಲ್ಲ ಅದು."

ಬಿಟ್ಟೆ. ಅವನು ಹಿಂದಿನಿಂದ ಹಿಡಿದು ಎತ್ತಿದ, ಕತ್ತಿನ ನರ ಉಬ್ಬಿತು, ಗಾಡಿ ಜಗ್ಗಲಿಲ್ಲ. ಇನ್ನೊಮ್ಮೆ ಎತ್ತಿದ. ಬೆಂಚಿನ ಮೇಲಿದ್ದವರು ಸುಮ್ಮನಿರುವ ಜನವಲ್ಲ.

"ಲೇ, ನಿಮ್ಮಪ್ಪ ದಿನಾ ಕೊಡ್ಸೋ ಮೊಟ್ಟೆ ಯಾರಿಗೆ ಹಾಕ್ತೀಯಲೇ?"

"ಗಾಡಿ ಎತ್ತೋದು ಬಿಡು ಮಗ, ನಿನ್ನನ್ನ ಎತ್ತಾಕೆ ಯಾರ್ನ ಕರೀಲಿ?"

ನಾನು ಚೂಡಿದಾರದ ದುಪ್ಪಟ್ಟ ಸೊಂಟಕ್ಕೆ ಕಟ್ಟಿ, ಎಡಗೈಯಲ್ಲಿ ಹ್ಯಾಂಡಲ್ಲು ಹಿಡಿದು, ಬಲಗಾಲನ್ನು ಸ್ಟ್ಯಾಂಡಿನ ಮೇಲಿಟ್ಟು ಮೆಟ್ಟಿಲು ಹತ್ತಿದ ಹಾಗೆ ಹತ್ತಿದೆ. ಟಕ್. ಅಂಗಡಿಯವನು ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಅವನಿಗೆ, ಹಾಗಾದರೆ ಒಂದು ಬನ್ನೂ ಕೊಡಪ್ಪ ಎಂದೆ. ಕೊಟ್ಟ.

ನಮ್ಮ ಚಳ್ಳಕೆರೆಯ ಬೇಸಿಗೆಯನ್ನು ನೀವು ನೋಡಿಲ್ಲವಾದರೆ ಒಂಟಿಕಾಲಿನ ಕಷ್ಟ ನಿಮಗೆ ಅರ್ಥವಾಗುವುದಿಲ್ಲ. ಮಧ್ಯಾಹ್ನ ಡಾಂಬರು ಮೆತ್ತಗೆ ಹಲ್ವದಂತಾಗುತ್ತದೆ. ಬ್ಯಾಂಕಿನ ಮುಂದೆ ಸಾಲಾಗಿ ನಿಂತ ಬೈಕುಗಳ ಒಂಟಿಕಾಲು ನಿಧಾನವಾಗಿ ಅದರೊಳಗೆ ಇಳಿಯುತ್ತದೆ. ಒಂದು ಬಿದ್ದರೆ ಪಕ್ಕದ್ದು, ಅದರ ಪಕ್ಕದ್ದು. ತಿಳಿದವರು ಕಾಲಿನಡಿಗೆ ಚಪ್ಪಟೆ ಕಲ್ಲನ್ನೋ ತೆಂಗಿನ ಚಿಪ್ಪನ್ನೋ ಇಡುತ್ತಾರೆ. ನನ್ನ ಗಾಡಿ ಮಾತ್ರ ಆ ಸಾಲಿನಲ್ಲಿ ಮದುವೆ ಫೋಟೋದಲ್ಲಿ ಅಜ್ಜಿ ನಿಂತ ಹಾಗೆ ಸೆಟೆದು ನಿಂತಿರುತ್ತಿತ್ತು. ಮೂರು ನಿಮಿಷದ ಕೆಲಸವಾದರೂ ಡಬಲ್ ಸ್ಟ್ಯಾಂಡೇ.

ಆದರೆ ಡಬಲ್ ಸ್ಟ್ಯಾಂಡು ನನಗೆ ನಿಜವಾಗಿ ತಂದುಕೊಟ್ಟದ್ದು ಬನ್ನಲ್ಲ. ಮೊಳಕಾಲ್ಮೂರಿನ ಒಂದು ಬೀದಿಯೊಳಗೆ ಗಾಡಿ ತರುವ ಹಕ್ಕು.

ಆ ಬೀದಿಯಲ್ಲಿ ಮನೆಮನೆಗೂ ಮಗ್ಗ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೆಳಗಿನ ಹೊತ್ತು, ಗಾಳಿ ಏಳುವುದರೊಳಗೆ, ಬೀದಿಯಲ್ಲಿ ಉದ್ದಕ್ಕೂ ಎಳೆದು ಕಟ್ಟಿ, ಕವೆಗೋಲು ಕೊಟ್ಟು, ಸಿಕ್ಕು ಬಿಡಿಸಿ ಹದ ಮಾಡುತ್ತಾರೆ. ಸಾವಿರಾರು ಎಳೆ, ಒಂದೊಂದೂ ಕೂದಲಿಗಿಂತ ಸಣ್ಣ. ಬಿಸಿಲು ಬಿದ್ದರೆ ಬೀದಿಗೆ ಬೀದಿಯೇ ನೀರು ಹರಿದ ಹಾಗೆ ಹೊಳೆಯುತ್ತದೆ. ಹಾಸು ಬೀದಿಗೆ ಬಂತೆಂದರೆ ಯಾವ ಗಾಡಿಯೂ ಒಳಗೆ ಬರುವಂತಿಲ್ಲ. ಬೀದಿಯ ಬಾಯಲ್ಲಿ ಬೇವಿನ ಮರವಿದೆ. ಗ್ಯಾಸ್ ಸಿಲಿಂಡರಿನವನಿರಲಿ, ಮದುವೆ ಗಂಡೇ ಇರಲಿ, ಅಲ್ಲಿ ಇಳಿದು ನಡೆಯಬೇಕು. ಇದನ್ನು ಯಾರೂ ಬರೆದು ಹಾಕಿಲ್ಲ, ಯಾರೂ ಮೀರಿಯೂ ಇಲ್ಲ.

ನಾನು ಹೆಚ್ಚಾಗಿ ಸೀರೆ ಕೊಳ್ಳುವುದು ನರಸಿಂಹಪ್ಪನವರ ಮನೆಯಲ್ಲಿ. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಬಹಳ ವರ್ಷದ ಹಿಂದೆ ನಾನು ಬೇವಿನಡಿ ಗಾಡಿ ನಿಲ್ಲಿಸುವುದನ್ನು ಅವರು ನೋಡುತ್ತಾ ನಿಂತಿದ್ದರು. ಸ್ಟ್ಯಾಂಡು ಹಾಕಿ, ಅಪ್ಪನ ಹಾಗೆ ಒಮ್ಮೆ ಅಲ್ಲಾಡಿಸಿ ನೋಡಿದೆ. ಅವರೂ ಬಂದು ಅಂಗೈಯಿಂದ ತಳ್ಳಿ ನೋಡಿದರು. ಅದು ಮಿಸುಕಲಿಲ್ಲ.

"ಈಯಮ್ಮನ ಗಾಡಿ ಗೋಡೆ ಇದ್ದಂಗೆ ಐತೆ. ಬಾಗಿಲ ತಾವ ಬರ್ಲಿ ಬಿಡ್ರಯ್ಯ" ಎಂದು ಬೀದಿಗೆ ಕೇಳುವಂತೆ ಹೇಳಿದರು.

ಆವತ್ತಿನಿಂದ ಇಂಜಿನ್ನು ಆರಿಸಿ ತಳ್ಳಿಕೊಂಡು ಅವರ ಬಾಗಿಲವರೆಗೆ ಗಾಡಿ ತರುವವಳು ನಾನೊಬ್ಬಳೇ. ಬೇರೆ ವ್ಯಾಪಾರಿಗಳು ಬೇವಿನ ಮರದಿಂದ, ಬೇರೆಡೆ ಕೊಂಡ ಸೀರೆಗಳ ಹೊರೆ ಹೊತ್ತು ನಡೆದು ಬರುವಷ್ಟರಲ್ಲಿ ನಾನು ಜಗಲಿಯ ಮೇಲೆ ಕೂತು ಎರಡು ಸೀರೆ ಬಿಡಿಸಿ ನೋಡಿರುತ್ತಿದ್ದೆ. ಒಳ್ಳೆಯ ಅಂಚು ಮೊದಲು ನನ್ನ ಕಣ್ಣಿಗೆ. ಇದು ಎಷ್ಟು ದೊಡ್ಡ ಅನುಕೂಲ ಎಂದು ವ್ಯಾಪಾರ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಇದ್ದವಳು ಹೊಸ ಬೈಕು ಕೊಳ್ಳಲು ಹೋದಾಗ ಏನು ಮಾಡಿದೆ ಗೊತ್ತೇ? ಶೋರೂಮಿನ ಹುಡುಗ ಒಳ್ಳೆಯವನು. "ಮೇಡಂ, ಈ ಮಾಡೆಲ್ಲಿಗೆ ಡಬಲ್ ಸ್ಟ್ಯಾಂಡ್ ಬರಲ್ಲ, ನಿಮಗೋಸ್ಕರ ಫ್ರೀಯಾಗಿ ಹಾಕಿಸ್ಕೊಡ್ತೀನಿ" ಎಂದ. ಯಾರಾದರೂ ಏನನ್ನಾದರೂ ತಾನಾಗಿಯೇ ಕೊಡುತ್ತೇನೆಂದರೆ ನನ್ನ ತಲೆಯೊಳಗೆ ಒಂದು ಗಂಟೆ ಹೊಡೆಯುತ್ತದೆ. ಇವನಿಗೆ ಅಗ್ಗವಾದದ್ದನ್ನು ನನಗೆ ದಾಟಿಸುತ್ತಿದ್ದಾನೆ ಎಂದುಕೊಂಡೆ.

"ಸ್ಟ್ಯಾಂಡ್ ಬ್ಯಾಡ. ಅದರ ಬದ್ಲು ಇನ್ನೊಂದು ಹೆಲ್ಮೆಟ್ಟು, ಸೀಟ್ ಕವರು, ಟ್ಯಾಂಕ್ ಕವರು ಕೊಡು."

"ಮೂರೂನಾ ಮೇಡಂ?"

"ಮೂರೂ. ಮ್ಯಾಲೆ ಒಂದು ಕೀ ಚೈನು."

ಗೆದ್ದು ಬಂದೆ. ಮನೆಯ ಮುಂದೆ ಬೈಕು ಒರಗಿಸಿ ಯಜಮಾನರನ್ನು ಕೂಗಿದೆ. ಅವರು ಕನ್ನಡಕ ಹಣೆಗೇರಿಸಿಕೊಂಡು ಬೈಕಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಹೊಟ್ಟೆಯಡಿ ನೋಡಿದರು.

"ಇದು ನಿಂತ್ಕಣಾದು ಯಾವುದ್ರ ಮ್ಯಾಲೆ? ಕೀ ಚೈನ್ ಮ್ಯಾಲಾ?"

"ಈಗಿನ ಗಾಡಿಗೆ ಸೈಡ್ ಸ್ಟ್ಯಾಂಡೇ ಸಾಕು ರೀ. ಅದು ಹಾಕಿದ್ರೆ ಗೇರಿನಾಗೆ ಇಂಜಿನ್ ಕೂಡ ಆಫ್ ಆಗ್ತೈತಂತೆ. ಸೇಫ್ಟಿ."

"ಹೋಗೋ ಗಾಡಿಗಾಯ್ತು ಸೇಫ್ಟಿ. ನಿಂತ ಗಾಡಿಗೆ?"

ಇವರು ದಿನಕ್ಕೆ ಮೂರು ಮಾತಾಡುತ್ತಾರೆ. ಅದರಲ್ಲಿ ಒಂದು ಹೀಗಿರುತ್ತದೆ. ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲ ಸಲ ಹೊಸ ಬೈಕಿನಲ್ಲಿ ಮೊಳಕಾಲ್ಮೂರಿಗೆ ಹೋದ ದಿನ ನರಸಿಂಹಪ್ಪನವರ ಹಾಸು ಬೀದಿಯಲ್ಲಿತ್ತು. ಅದು ಯಾರದೋ ಆರ್ಡರಿನದಲ್ಲ. ಅವರ ಮಗಳು ರೂಪಳ ಧಾರೆ ಸೀರೆ ಅದರಲ್ಲಿತ್ತು. ಊರಿನ ಎಷ್ಟೋ ಮದುವೆಗೆ ನೇಯ್ದ ಮನುಷ್ಯ ತನ್ನ ಮನೆಗೆಂದು ಕಟ್ಟಿದ ಮೊದಲ ಹಾಸು. ಇದು ನನಗೂ ಗೊತ್ತಿತ್ತು. ಬೇವಿನಡಿ ಇಂಜಿನ್ನು ಆರಿಸಿ, ಎಂದಿನಂತೆ ತಳ್ಳಿಕೊಂಡು ಬಾಗಿಲವರೆಗೆ ಬಂದೆ. ಹಾಸಿನ ಈಚೆಯ ತುದಿ ಅಲ್ಲಿಂದ ಬರೀ ಒಂದು ಮಾರು ದೂರ. ಬೀದಿ ಅತ್ತ ಕಡೆಗೆ ತುಸು ಇಳಿಜಾರು.

"ಹೊಸ ಗಾಡಿನಾ ಅಕ್ಕಾ!" ಎಂದು ರೂಪ ಬಾಗಿಲಿಗೆ ಬಂದಳು. ನಾನು ಎಡಪಾದದಲ್ಲಿ ಸೈಡ್ ಸ್ಟ್ಯಾಂಡು ಒದ್ದು, ಗಾಡಿ ಒರಗಿಸಿ, ಆ ಬೆಲೆಗೆ ಏನೇನು ಕೊಡಿಸಿಕೊಂಡೆ ಎಂದು ಹೇಳಲು ಶುರುಮಾಡಿದೆ. ಟ್ಯಾಂಕ್ ಕವರಿನವರೆಗೆ ಬಂದಿದ್ದೆ.

ಇಲ್ಲೊಂದು ಮಾತು. ಡಬಲ್ ಸ್ಟ್ಯಾಂಡಿನವರಿಗೆ ಗೇರಿನ ಯೋಚನೆಯಿರುವುದಿಲ್ಲ. ಹಿಂದಿನ ಚಕ್ರ ನೆಲವನ್ನೇ ಮುಟ್ಟುವುದಿಲ್ಲವಲ್ಲ, ಗೇರಿದ್ದರೇನು ಇಲ್ಲದಿದ್ದರೇನು. ಹಾಗಾಗಿ ಮೊಪೆಡ್ ಬಿಟ್ಟು ಗೇರಿನ ಬೈಕಿಗೆ ಬಂದ ಮೇಲೂ ನಾನು ಗಾಡಿಯನ್ನು ನ್ಯೂಟ್ರಲ್ಲಿನಲ್ಲೇ ಬಿಟ್ಟವಳು. ಸೈಡ್ ಸ್ಟ್ಯಾಂಡಿನ ಹುಡುಗರಿಗೆ ಮೊದಲ ದಿನವೇ ತಿಳಿಯುವ ಸಂಗತಿ ನನಗೆ ತಿಳಿದಿರಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಗಾಡಿ ಮುಂದಕ್ಕೆ ಸರಿಯುತ್ತದೆ, ಸರಿದರೆ ಒಂಟಿಕಾಲು ತಾನೇ ಹಿಂದಕ್ಕೆ ಮಡಚಿಕೊಳ್ಳುತ್ತದೆ.

ರೂಪಳ ಕಣ್ಣು ನನ್ನ ಭುಜದಾಚೆ ಹೋಯಿತು. "ಅಕ್ಕಾ, ಬಂಡಿ! ಬಂಡಿ!" ಎಂದು ಚೀರಿದಳು.

ತಿರುಗಿದರೆ ಗಾಡಿ ಯಾರನ್ನೂ ಕೇಳದೆ ಹಾಸಿನ ಕಡೆ ಹೊರಟಿದೆ. ಸದ್ದೇ ಇಲ್ಲ. ಓಡಿದೆ. ಎಡಗಡೆಯಿಂದ ಹಿಂದಿನ ಕಂಬಿ ಹಿಡಿದು ನನ್ನ ಕಡೆಗೆ ಜಗ್ಗಿದೆ. ಜಗ್ಗುತ್ತಲೇ ನನ್ನ ಬಲಗಾಲು ಹೊಟ್ಟೆಯಡಿ ಡಬಲ್ ಸ್ಟ್ಯಾಂಡನ್ನು ಹುಡುಕಿತು. ಮೆಟ್ಟಿದರೆ ನಿಂತುಬಿಡುತ್ತದೆ ಎಂದು ಕಾಲಿಗೆ ಅಷ್ಟು ನಂಬಿಕೆ. ಅಲ್ಲಿ ಏನೂ ಇರಲಿಲ್ಲ. ಬೈಕು ನನ್ನ ಮೇಲೇ ಬಿತ್ತು. ಮೊಣಕಾಲ ಕೆಳಗೆ ಚರ್ಮ ಕಿತ್ತಿತು. ಅದು ದೊಡ್ಡದಲ್ಲ. ಬೀಳುವ ಮೊದಲೇ ಬಲಗಡೆ ಕನ್ನಡಿಯ ಕಡ್ಡಿ ಹಾಸಿನ ಅಂಚಿಗೆ ಹೊಕ್ಕಿತ್ತು. ಬಿದ್ದಾಗ ಅದು ಎಳೆಗಳನ್ನು ಎಳೆದುಕೊಂಡು ಬಂತು.

ನಲವತ್ತೊಂದು ಎಳೆ. ನರಸಿಂಹಪ್ಪನವರು ಎಣಿಸಿದರು. ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬೀದಿಯವರೇ ಗಾಡಿ ಎತ್ತಿ ನನ್ನನ್ನು ಎಬ್ಬಿಸಿದರು. ಅವರು ಮಾತ್ರ ಕುಕ್ಕರಗಾಲಲ್ಲಿ ಕೂತು, ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಒಂದೊಂದೇ ಎಳೆಯ ತುದಿ ಹುಡುಕಿ ಹೊಸೆದು ಕೂಡಿಸಿದರು. ಬಿಸಿಲು ಏರಿತು. ನಾನು ಜಗಲಿಯ ಮೇಲೆ ಕಾಲಿಗೆ ಅರಿಶಿನ ಒತ್ತಿಕೊಂಡು ಕೂತಿದ್ದೆ. ಕೀ ಚೈನು ಕೈಯಲ್ಲೇ ಇತ್ತು.

ಅವರು ಎದ್ದು ಕೈ ತೊಳೆದುಕೊಂಡು ಬಂದು, ಏನೂ ಆಗಿಲ್ಲವೆಂಬಂತೆ ಹಿಂದಿನ ವಾರ ಇಳಿಸಿದ್ದ ಸೀರೆಗಳನ್ನು ನನ್ನ ಮುಂದೆ ಬಿಡಿಸಿದರು. ಬೆಲೆ ಹೇಳಿದರು. ನಾನು ತಲೆ ಬಗ್ಗಿಸಿ, "ಆಗ್ಲಿ, ಅಷ್ಟಕ್ಕೇ ಕೊಡ್ರಿ" ಎಂದೆ.

"ಏಮಮ್ಮಾ, ಮೈಗೆ ಸರಿ ಇಲ್ವಾ?" ಎಂದರು.

"ಇಲ್ಲ, ಇವತ್ತು ಬ್ಯಾಡ ಅಂತ."

"ಬೇರಂ ಮಾಡ್ದಂಗೆ ತಗಂಡು ಹೋದ್ರೆ ನನ್ ಸೀರೆಗೆ ಏನ್ ಮರ್ಯಾದಿ? ಎಳೆ ಲೆಕ್ಕ ಎಳೇಗೆ ಮುಗೀತು. ಸೀರೆಗೆ ಕೇಳು."

ಚೌಕಾಸಿಗೆ ಅವರು ಬೇರಂ ಎನ್ನುವುದು. ಕೇಳಿದೆ. ಮೊದಲು ಧ್ವನಿ ಸಣ್ಣದಿತ್ತು, ಮೂರನೆಯ ಸೀರೆಗೆ ಬರುವಷ್ಟರಲ್ಲಿ ಸರಿಹೋಯಿತು. ಎಲ್ಲ ಮುಗಿದು ಚೀಲ ಕಟ್ಟಿ ಎದ್ದಾಗ ಅವರು ಬೀದಿಯ ತುದಿಯತ್ತ ಗದ್ದ ಎತ್ತಿ ತೋರಿಸಿದರು.

"ಇನ್ ಮ್ಯಾಲೆ ಬೇವಿನ ಮರದ ತಾವನೇ ನಿಲ್ಸಮ್ಮ."

ಅಷ್ಟೇ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಮುಂದಿನ ಸಲ ಬೇವಿನಡಿ ಗಾಡಿ ಒರಗಿಸಿ ಹೊರೆ ಹೆಗಲಿಗೇರಿಸುವಾಗ ಬಳ್ಳಾರಿ ಕಡೆಯ ವ್ಯಾಪಾರಿ ಓಬಳೇಶ ಅಲ್ಲೇ ನಿಂತಿದ್ದ. ಅವನಿಗೆ ಹಲ್ಲು ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ.

"ಏನ್ ಶಾರದಕ್ಕಾ, ಕೊನೆಗೂ ನಮ್ ಪಾರ್ಟಿಗೆ ಬಂದ್ರಾ?"

"ನಿಮ್ ಪಾರ್ಟಿ ನೋಡಿ ಹೋಗಾಣ ಅಂತ ಬಂದೀನಿ ಕಣಪ್ಪ, ಇರಾಕಲ್ಲ" ಎಂದೆ. ಎಂದೆನೇ ಹೊರತು ಆ ಬೀದಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಜಗಲಿಗೆ ಮುಟ್ಟುವಾಗ ಓಬಳೇಶ ನನಗಿಂತ ಮುಂದಿದ್ದ. ಮಾವಿನಕಾಯಿ ಬಣ್ಣದ ಒಂದು ಸೀರೆ, ನಾನು ಇಟ್ಟ ಕಣ್ಣು ತೆಗೆಯಲಾರದಂಥದ್ದು, ಅವನ ತೊಡೆಯ ಮೇಲಿತ್ತು.

ಊರಿಗೆ ಬಂದವಳೇ ಶೋರೂಮಿಗೆ ಹೋದೆ. ಪುಕ್ಕಟೆಯ ಮಾತು ಮುಗಿದಿತ್ತು. ಆಮೇಲೆ ದಾದಾಪೀರ್ ಸಾಬರ ಹತ್ತಿರ ಹೋದೆ. ಅವರು ಬೈಕಿನ ಹೊಟ್ಟೆಯಡಿ ನೋಡಿ, ನನ್ನ ಮುಖ ನೋಡಿ, "ಅಕ್ಕಾ, ನೀವಾ? ನೀವೇನಾ?" ಎಂದರು. ನಾನು ಬೆಲೆ ಕೇಳಿದೆ. ಒಂಬೈನೂರ ಐವತ್ತಕ್ಕೆ ಇಳಿಸಿದ್ದು ಆ ಅವಮಾನದ ನಡುವೆಯೇ ಎಂಬುದನ್ನು ದಯವಿಟ್ಟು ನೆನಪಿಡಿ.

ಸ್ಟ್ಯಾಂಡು ಹಾಕಿಸಿದೆ ಎಂದು ನಾನು ನರಸಿಂಹಪ್ಪನವರಿಗೆ ಹೇಳಲಿಲ್ಲ. ನಮಗೆ ತೀರ ಬೇಕಾದದ್ದನ್ನು ಮೊದಲು ಬಾಯಿಬಿಟ್ಟು ಕೇಳಬಾರದು. ಕೇಳಿದರೆ ಬೆಲೆ ಏರುತ್ತದೆ. ಬೇವಿನಡಿ ಡಬಲ್ ಸ್ಟ್ಯಾಂಡು ಹಾಕಿ, ಗೇರೂ ಹಾಕಿ, ಅಲ್ಲಾಡಿಸಿ ನೋಡಿ, ಹೊರೆ ಹೊತ್ತು ನಡೆದೆ. ಒಂದು ಸಲ, ಎರಡು ಸಲ, ಮೂರು ಸಲ. ಅವರು ಏನೂ ಕೇಳಲಿಲ್ಲ. ರೂಪ ಒಮ್ಮೆ ಮಾತ್ರ ಮಗ್ಗದ ಮೇಲಿನ ತನ್ನ ಸೀರೆ ತೋರಿಸಿ, "ನೋಡ್ರಿ ಅಕ್ಕಾ, ನಿಮ್ಮ ಗಂಟುಗಳೆಲ್ಲ ಸಿಕ್ಕಿಸಿಕೊಳ್ಳೋ ಮಡಿಕೆ ಒಳಗೆ ಹೋಗ್ತಾವೆ, ಅಪ್ಪ ಅಳತೆ ಹಾಕ್ಯಾನೆ" ಎಂದಳು. ನಿಮ್ಮ ಗಂಟು ಎಂದದ್ದು ಚುಚ್ಚಿತು, ಸಮಾಧಾನವೂ ಆಯಿತು.

ನಾಲ್ಕನೆಯ ಸಲ ಹೋದಾಗ ಹೊತ್ತಿಗೆ ಮೊದಲೇ ಗಾಳಿ ಎದ್ದಿತು. ನಮ್ಮ ಕಡೆಯ ಗಾಳಿ ಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನೇ ಗರಗರ ತಿರುಗಿಸುವಂಥದ್ದು. ಎಲ್ಲರೂ ಹಾಸು ಸುತ್ತುವ ಅವಸರದಲ್ಲಿದ್ದಾಗ ಬೇವಿನ ಮರದ ಕಡೆಯಿಂದ ಧಡ್ ಎಂದು ಸದ್ದಾಯಿತು. ಓಬಳೇಶ "ಅಯ್ಯಯ್ಯೋ ನನ್ ಗಾಡಿ" ಎಂದು ಓಡಿದ. ಹಿಂದೆ ನಾನು, ನನ್ನ ಹಿಂದೆ ನರಸಿಂಹಪ್ಪನವರು.

ಓಬಳೇಶನ ಬೈಕಿನ ಒಂಟಿಕಾಲು ಮರಳಿನಲ್ಲಿ ಹೂತುಹೋಗಿ, ಆವತ್ತು ಅವನು ಅದರ ಮೇಲೇ ಬಿಟ್ಟಿದ್ದ ಹೊರೆಯ ಸಮೇತ ಅದು ಪಕ್ಕಕ್ಕೆ ಬಿದ್ದಿತ್ತು. ಆದರೆ ನೆಲಕ್ಕೆ ಬಿದ್ದಿರಲಿಲ್ಲ. ನನ್ನ ಗಾಡಿಗೆ ಒರಗಿ ನಿಂತಿತ್ತು. ನನ್ನದು ಎರಡು ಕಾಲೂರಿ, ಪಕ್ಕದವನ ಭಾರವನ್ನೂ ಹೊತ್ತು, ಜಗ್ಗದೆ ನಿಂತಿತ್ತು. ಕೆಳಗೆ ಬಿದ್ದಿದ್ದರೆ ಅವನ ಸೀರೆಗಳಿಗೆಲ್ಲ ಪೆಟ್ರೋಲಿನ ಸ್ನಾನವಾಗುತ್ತಿತ್ತು. ಆ ಕ್ಷಣ ನನ್ನ ಮುಖ ಹೇಗಿತ್ತೋ ನಾನು ನೋಡಿಕೊಳ್ಳಲಿಲ್ಲ. ಓಬಳೇಶ ನೋಡಿ ತಲೆ ತಗ್ಗಿಸಿದ.

ನರಸಿಂಹಪ್ಪನವರು ಅವನ ಗಾಡಿ ಎತ್ತಿಸಿ ಈಚೆ ತೆಗೆಸಿದರು. ಆಮೇಲೆ ಬಗ್ಗಿ ನನ್ನ ಗಾಡಿಯ ಹೊಟ್ಟೆಯಡಿ ನೋಡಿದರು. ಅಂಗೈಯಿಟ್ಟು ತಳ್ಳಿದರು. ಇನ್ನೊಮ್ಮೆ, ಭುಜ ಕೊಟ್ಟು ತಳ್ಳಿದರು.

"ಗೇರು?"

"ಹಾಕೀನ್ರಿ."

"ಡಬಲ್ ಸ್ಟ್ಯಾಂಡಿಗೂ?"

"ಅದಕ್ಕೂ."

ಅವರು ಹೆಗಲ ಟವೆಲು ತೆಗೆದು ಸೀಟಿನ ಮೇಲಿನ ಬೇವಿನೆಲೆ ಕೊಡವಿದರು. "ಗೋಡೆನ ತಂದು ಬೀದಿ ಬಾಯಾಗೆ ಯಾಕಮ್ಮ ನಿಲ್ಸೀಯ? ವಾಕಿಲಿ ದಗ್ಗರ ಪೆಟ್ಟು." ಬಾಗಿಲ ಹತ್ತಿರ ಇಡು ಎಂದರು. ಹೇಳಿ ತಿರುಗಿ ನೋಡದೆ ನಡೆದರು. ನಾನು ಸ್ಟ್ಯಾಂಡಿನಿಂದ ಗಾಡಿ ಇಳಿಸಿ, ಆ ಉದ್ದ ಬೀದಿಯಲ್ಲಿ ತಳ್ಳಿಕೊಂಡು ಹೋದೆ. ಎರಡೂ ಕಡೆ ಬಾಗಿಲುಗಳಲ್ಲಿ ಜನ ನಿಂತಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಆದರೆ ತುಸು ನಿಧಾನವಾಗಿಯೇ ತಳ್ಳಿದೆ.

ರೂಪಳ ಮದುವೆಗೆ ಏನು ಮುಯ್ಯಿ ಮಾಡಲಿ ಎಂದು ಬಹಳ ಯೋಚಿಸಿದೆ. ನಲವತ್ತೊಂದು ಎಳೆಗೆ ಆ ಮನುಷ್ಯ ಏನನ್ನೂ ತೆಗೆದುಕೊಂಡಿರಲಿಲ್ಲ. ಅಳಿಯನ ಬೈಕನ್ನು ಛತ್ರದ ಮುಂದೆ ನೋಡಿದೆ. ಹೊಸದು, ಹೂವು ಸುತ್ತಿದ್ದು, ಒಂಟಿಕಾಲಿನದು. ಮಾರನೆಯ ವಾರವೇ ದಾದಾಪೀರ್ ಸಾಬರಿಂದ ಆ ಮಾಡೆಲ್ಲಿನ ಡಬಲ್ ಸ್ಟ್ಯಾಂಡು ತಂದು, ಅರಿಶಿನ ಕುಂಕುಮ ಹಚ್ಚಿ ಅವನ ಕೈಗಿಟ್ಟೆ. ಎರಡನೆಯದಾದ್ದರಿಂದ ಒಂಬೈನೂರಕ್ಕೆ ಬಂತು. ನರಸಿಂಹಪ್ಪನವರು ಅದನ್ನು ಕೈಯಲ್ಲಿ ತೂಗಿ ನೋಡಿ, "ಬಂಗಾರಕ್ಕಿಂತ ಇದು ವಾಸಿ" ಎಂದು ನಕ್ಕರು.

ಈಗ ನಿಮ್ಮ ಮಾತಿಗೆ ಬರೋಣ. ಹೊಸ ಗಾಡಿ ಕೊಳ್ಳುವಾಗ ಮೊದಲು ಬಗ್ಗಿ ಅದರ ಹೊಟ್ಟೆಯಡಿ ನೋಡಿ, ಬಣ್ಣ ಆಮೇಲೆ ನೋಡಿದರಾಯಿತು. ಡಬಲ್ ಸ್ಟ್ಯಾಂಡು ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಅದರ ಬದಲಿಗೆ ಹೆಲ್ಮೆಟ್ಟು ಕೇಳುವಷ್ಟು ಜಾಣರಾಗಬೇಡಿ, ಎರಡನ್ನೂ ಕೇಳಿ. ಗಟ್ಟಿ ನೆಲ, ಐದು ನಿಮಿಷದ ಕೆಲಸ ಎಂದರೆ ಸೈಡ್ ಸ್ಟ್ಯಾಂಡು ಸಾಕು, ಆದರೆ ಮೊದಲನೇ ಗೇರು ಹಾಕಿಯೇ ಇಳಿಯಿರಿ. ಇಳಿಜಾರಿನಲ್ಲಿ ಗಾಡಿಯ ಮುಖ ಏರಿನ ಕಡೆಗಿರಲಿ. ಮರಳು, ಕೆಸರು, ಬೇಸಿಗೆಯ ಡಾಂಬರು ಇದ್ದಲ್ಲಿ ಕಾಲಿನಡಿ ಚಪ್ಪಟೆ ಕಲ್ಲಿಡಿ. ಹೊರೆಯಿದ್ದರೆ, ರಾತ್ರಿಯಿಡೀ ನಿಲ್ಲಿಸುವುದಿದ್ದರೆ, ಪಕ್ಕದಲ್ಲಿ ಬೇರೆಯವರ ಬೆಲೆಬಾಳುವ ವಸ್ತುವಿದ್ದರೆ ಡಬಲ್ ಸ್ಟ್ಯಾಂಡೇ ಹಾಕಿ. ಕೈಯಲ್ಲಿ ಎತ್ತಬೇಡಿ, ಸೊಂಟ ಹಿಡಿಯುತ್ತದೆ. ಎರಡೂ ಕಾಲು ನೆಲ ಮುಟ್ಟಿದ ಮೇಲೆ ಅದರ ಮೇಲೆ ಹತ್ತಿ ನಿಲ್ಲಿ. ಹೆಂಗಸರಿಗೆ ಆಗುವುದಿಲ್ಲ ಎನ್ನುವವರು ಸಿಕ್ಕರೆ ರಾಂಪುರದ ದಾರಿ ತೋರಿಸಿ.

ಹಾಕಿದ ಮೇಲೆ ಒಮ್ಮೆ ಅಂಗೈಯಿಟ್ಟು ತಳ್ಳಿ ನೋಡಿ. ನೀವು ತಳ್ಳದಿದ್ದರೆ ಗಾಳಿ ತಳ್ಳುತ್ತದೆ. ಎಷ್ಟಕ್ಕೆ ತಂದೆ, ಏನೇನು ಕೊಡಿಸಿಕೊಂಡೆ ಎಂಬ ಮಾತನ್ನೆಲ್ಲ ಅದು ಮಿಸುಕಲಿಲ್ಲವೆಂದು ಕಂಡ ಮೇಲೆ ಶುರುಮಾಡಿ.